ದರ್ಜಿಯ ಕಣ್ಣುರಿ

"ಅಯ್ಯನವರೇ, ನಾನು ಕ್ರೈಸ್ತನೆಂದು ಕೆಲಸದ ಜಾಗದಲ್ಲಿ ಯಾರಿಗೂ ಹೇಳಿಲ್ಲ. ಅವರು ಕೇಳಿಲ್ಲ, ನಾನು ಸುಳ್ಳಾಡಿಲ್ಲ. ಸುಮ್ಮನಿದ್ದರೆ ಯಾರಿಗೇನು ನಷ್ಟ?" ಎಂದು ದಯಾಕರ ಕೇಳಿದ.

ಅವನು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಭಾನುವಾರದ ಆರಾಧನೆ ಮುಗಿದು ಸಭೆಯವರೆಲ್ಲ ಮನೆಗೆ ಹೋಗಿದ್ದರು. ಸಭಾಪಾಲಕರಾದ ಮುದಿ ಅಯ್ಯನವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಷ್ಟದ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು ಮಾರಾಯ, ನಾನು ಕತೆ ಹೇಳುತ್ತೇನೆ, ಲೆಕ್ಕ ನೀನೇ ಹಾಕಿಕೋ ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಯೇಸುವನ್ನು ನಂಬಿದವನು. ಅನ್ನಕ್ಕೆ ಕೈಹಾಕುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದು ಅವನಿಗೆ ತಾಯಿ ಕಲಿಸಿದ ಅಭ್ಯಾಸ. ಅವನು ಒಂದು ದೊಡ್ಡ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಸೇರಿದ. ಮಧ್ಯಾಹ್ನ ಎಲ್ಲರೂ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕುಳಿತು ಬುತ್ತಿ ಬಿಚ್ಚಿದರು. ಒಳ್ಳೆಯ ಜನ, ಹೇಳಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಮೊದಲ ದಿನವೇ ತಾನೊಬ್ಬ ಬೇರೆಯವನಂತೆ ಏಕೆ ಕಾಣಬೇಕು, ನಾಳೆ ಹೇಳಿದರಾಯಿತು ಅಂದುಕೊಂಡ. ಪ್ರಾರ್ಥನೆ ಬಿಡಲೂ ಮನಸ್ಸಿಲ್ಲ. ಮಹಾ ಬುದ್ಧಿವಂತ! ಕಣ್ಣುಜ್ಜಿಕೊಳ್ಳುವವನ ಹಾಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಆ ಮರೆಯಲ್ಲೇ ದೇವರಿಗೆ ವಂದನೆ ಹೇಳಿ ಮುಗಿಸಿದ. ಮರುದಿನವೂ ಹಾಗೆಯೇ ಆಯಿತು. ಆಮೇಲೆ ಅದೇ ರೂಢಿಯಾಯಿತು.

ದಯಾಕರ ನಕ್ಕ. ಅಯ್ಯನವರು ನಗಲಿಲ್ಲ.

ದರ್ಜಿಯ ಪಕ್ಕದಲ್ಲಿ ಗುಂಡಿ, ಕಾಜಾ ಹೊಲಿಯುವ ಒಬ್ಬ ಮುದುಕ ಕೂರುತ್ತಿದ್ದ. ದಿನವೂ ಊಟದ ಹೊತ್ತಿಗೆ ಈತ ಕಣ್ಣುಜ್ಜುವುದನ್ನು ನೋಡಿ ಮರುಗಿ, ಕಣ್ಣು ಉರಿಯುತ್ತದೇನಪ್ಪ ಎಂದು ಕೇಳಿದ. ಇಲ್ಲವೆಂದರೆ ಮತ್ತೇನು ಎಂದು ಕೇಳಿಬಿಟ್ಟರೆ? ದರ್ಜಿ ಹೂಂ ಎಂದ. ಅಷ್ಟೇ, ಒಂದು ಹೂಂ.

ಮಾರನೆಯ ದಿನ ಮುದುಕ ಮನೆಯಂಗಳದ ನಂದಿಬಟ್ಟಲು ಹೂ ತಂದು, ಹಿಂಡಿ, ರಸವನ್ನು ಅವನ ಕಣ್ಣಿಗೆ ಬಿಟ್ಟ. ಅಂದಿನಿಂದ ದಿನವೂ ಬಿಟ್ಟ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದ ಕೈಹೊಲಿಗೆ ಕಣ್ಣಿಗೆ ಕೇಡು ಎಂದು ದರ್ಜಿಯ ಪಾಲಿನದನ್ನೂ ತಾನೇ ತೆಗೆದುಕೊಂಡ. ಮುದುಕನ ಕಣ್ಣೇ ಮಂಜು, ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡು ಹೊಲಿಯುತ್ತಿದ್ದ. ಅದನ್ನು ನೋಡುವಾಗಲೆಲ್ಲ ದರ್ಜಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ, ನುಂಗಲಾರ, ಉಗುಳಲಾರ. ಈಗ ನಿಜ ಹೇಳಿದರೆ ಇಷ್ಟು ದಿನ ನನ್ನನ್ನು ಆಟವಾಡಿಸಿದೆಯಾ ಎಂದು ಮುದುಕ ಕೇಳುವುದಿಲ್ಲವೇ? ಮೊದಲು ಸಂಕೋಚಕ್ಕೆ ಬಾಯಿ ಮುಚ್ಚಿದ್ದವನು ಈಗ ನಾಚಿಕೆಗೆ ಮುಚ್ಚಿಕೊಂಡ.

ಹೂವಿನಿಂದ ಗುಣ ಕಾಣದೆ ಮುದುಕ ಒಂದು ದಿನ ಮೆಲ್ಲಗೆ ಹೇಳಿದ: "ಚರ್ಚಿನಲ್ಲಿ ಯಾವ ಜಾತಿಯವರು ಹೋಗಿ ಕೇಳಿದರೂ ಪ್ರಾರ್ಥನೆ ಮಾಡುತ್ತಾರಂತೆ. ನನಗೆ ಒಬ್ಬನೇ ಹೋಗಲು ಸಂಕೋಚ. ನಿನಗೆ ಅಲ್ಲಿಯವರು ಯಾರಾದರೂ ಗೊತ್ತೇನಪ್ಪ?"

"ಇಲ್ಲ ತಾತ, ನನಗೆ ಅಲ್ಲಿ ಯಾರೂ ಗೊತ್ತಿಲ್ಲ" ಎಂದ ದರ್ಜಿ.

ಮುದುಕ ಒಬ್ಬನೇ ಹೋದ. ಭಾನುವಾರ ದರ್ಜಿ ಎಂದಿನಂತೆ ಚರ್ಚಿನ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಹಿಂದೆ ಬಾಗಿಲ ಹೊರಗೆ ಮುದುಕ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ. ಒಬ್ಬ ದರ್ಜಿಯ ಕಣ್ಣು ಹೋಗುತ್ತಿದೆ, ಅವನ ಪರವಾಗಿ ಬೇಡಲು ಜೊತೆ ಕೆಲಸಗಾರ ಬಂದಿದ್ದಾನೆ ಎಂದು ಪಾಲಕರು ತಿಳಿಸಿದರು. ಸಭೆಯೆಲ್ಲ ತಲೆಬಾಗಿಸಿತು. ಹೆಂಗಸರ ಸಾಲಿನಲ್ಲಿದ್ದ ದರ್ಜಿಯ ಹೆಂಡತಿಯೇ, ಪಾಪ ಯಾರ ಮನೆಯವನೋ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ದರ್ಜಿಗೆ. ಎದ್ದು ಹೋಗಿ ಆ ಮುದುಕನ ಕೈಹಿಡಿದು ಒಳಗೆ ಕರೆತರಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವನು ಕಡೆಯ ಹಾಡು ಮುಗಿಯುವ ಮೊದಲೇ ಪಕ್ಕದ ಬಾಗಿಲಿನಿಂದ ಜಾರಿಕೊಂಡ.

ಸೋಮವಾರ ಊಟದ ಹೊತ್ತಿಗೆ ಮುದುಕ ತನ್ನ ಬುತ್ತಿ ಬಿಚ್ಚದೆ, ಆಸೆಯಿಂದ ದರ್ಜಿಯ ಮುಖವನ್ನೇ ನೋಡುತ್ತ ಕುಳಿತ. ದರ್ಜಿಯ ಎರಡೂ ಕೈ ಅಭ್ಯಾಸದಂತೆ ಕಣ್ಣಿಗೆ ಹೋದವು.

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು. ದಯಾಕರನ ಮುಖ ಇಳಿದಿತ್ತು. ತಾನೂ ಬ್ಯಾಂಕಿನಲ್ಲಿ ಬುತ್ತಿ ಬಿಚ್ಚುವ ಮೊದಲು ಕೈತೊಳೆಯುವ ನೆಪದಲ್ಲಿ ಎದ್ದುಹೋಗಿ, ನಲ್ಲಿಯ ಮುಂದೆ ನಿಂತು ಪ್ರಾರ್ಥಿಸುವುದು ಅವನಿಗೆ ನೆನಪಾಯಿತು. ತಲೆಯೆತ್ತದೆ ಕೇಳಿದ: "ಆ ಮುದುಕನಿಗೆ ಕೊನೆಗಾದರೂ ನಿಜ ಗೊತ್ತಾಯಿತೇ?"

"ಇಲ್ಲ" ಎಂದರು ಅಯ್ಯನವರು, "ನಿಮ್ಮ ದೇವರಿಗೆ ಕಿವಿ ಕೇಳಿಸುವುದಿಲ್ಲ ಅಂತ, ಅಂದು ಆ ಸಭೆಯಲ್ಲಿ ಪ್ರಾರ್ಥನೆ ಮಾಡಿಸಿದ ನನಗೆ ಹೇಳಿ ಹೋದ."