ಅಂತರಪಟ ಸರಿದ ಗಳಿಗೆ

"ಗುರುಗಳೇ, ನೀವು ಕೊಟ್ಟ ಜಪಮಾಲೆಯನ್ನು ನಾನು ಬಿಟ್ಟಿದ್ದೇನೆ. ಇದು ದ್ರೋಹವೇ?"

ಇಷ್ಟು ಕೇಳಲು ಶಿಷ್ಯ ಪ್ರಾಣೇಶ ಬಹಳ ದಿನ ಅಂಜಿದ್ದ. ಮಾಲೆ ಹಿಡಿದರೆ ಅವನ ಮನಸ್ಸು ಮಣಿಗಳ ಹಿಂದೆಯೇ ಓಡುತ್ತಿತ್ತು. ಎಷ್ಟಾಯಿತು, ಎಷ್ಟು ಉಳಿಯಿತು ಎಂಬುದೇ ಜಪ. ಭಜನೆಗೆ ಕೂತರೆ ಮಾತ್ರ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಅವನು ಹಾಡುವುದಷ್ಟೇ. ಗುರುಗಳು ಬೇಡವೆಂದರೆ ತನಗೆ ಬೇರೆ ಯಾರಿದ್ದಾರೆ ಎಂಬ ಭಯಕ್ಕೆ ಬಾಗಿಲ ಬಳಿಯೇ ಮುದುಡಿ ಕೂತಿದ್ದ.

ಗುರುಗಳು ಹತ್ತಿರ ಕರೆದು ಕತೆ ಹೇಳಿದರು.

ಮದುವೆಗಳಲ್ಲಿ ಫೋಟೋ ತೆಗೆಯುವವನೊಬ್ಬನಿದ್ದ. ಅವನ ಕ್ಯಾಮೆರಾ ಒಳ್ಳೆಯದೇ. ಅನ್ನ ಕೊಟ್ಟದ್ದೆಂದು ಪ್ರತಿ ಆಯುಧಪೂಜೆಗೂ ಅದಕ್ಕೆ ಕುಂಕುಮ ಹಚ್ಚುತ್ತಿದ್ದ. ಆದರೆ ಅದು ಅವನ ಕೈಗೆ ಕೂರುತ್ತಿರಲಿಲ್ಲ. ಕೈ ದೊಡ್ಡದು, ಹಿಡಿ ಚಿಕ್ಕದು. ಗುಂಡಿ ಎಲ್ಲಿದೆಯೆಂದು ಪ್ರತಿಸಲ ತಲೆ ತಗ್ಗಿಸಿ ತಡಕಬೇಕು. ವಧೂವರರ ನಡುವೆ ಹಿಡಿದ ಅಂತರಪಟ ಸರಿಯುವುದಕ್ಕೂ ಇವನು ತಲೆ ತಗ್ಗಿಸುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಗೋಗರೆಯುತ್ತಿದ್ದ: "ಆಚಾರ್ರೇ, ಇನ್ನೊಂದ್ಸಲ ಪಟ ಹಿಡೀರಿ."

"ಹಿಡೀತೀನಪ್ಪಾ. ಓಡಿಹೋದ ಮುಹೂರ್ತಾನ ನೀನು ಹಿಡ್ಕೊಂಡು ಬಾ" ಎನ್ನುತ್ತಿದ್ದರು ಪುರೋಹಿತರು. ಮಂಟಪವೆಲ್ಲ ನಗುತ್ತಿತ್ತು. ಎರಡನೆಯ ಸಲ ಪಟ ಸರಿದಾಗ ಮದುಮಕ್ಕಳು ನೋಡುತ್ತಿದ್ದುದು ಕ್ಯಾಮೆರಾವನ್ನು, ಒಬ್ಬರನ್ನೊಬ್ಬರಲ್ಲ.

ಹೀಗಿರಲು ಅವನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ತಂಗಿ ಹೇಳಿದಳು: "ಅಣ್ಣಾ, ಪಟ ಸರಿಯೋವಾಗ ನಾನು ಮಗಳ ಬೆನ್ನ ಹಿಂದೆ ನಿಂತಿರ್ತೀನಿ. ಅವಳ ಮುಖ ನಾನು ನೋಡೋದು ನಿನ್ನ ಫೋಟೋದಲ್ಲೇ."

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಗೆಳೆಯನೊಬ್ಬ ತನ್ನ ಕ್ಯಾಮೆರಾವನ್ನು ಅವನ ಕೈಗಿತ್ತ. ಅದು ಬೇರೆ ಕಂಪನಿಯದು. ಅದರಲ್ಲಿ ಚಿತ್ರ ಹೆಚ್ಚು ಚೆಂದ ಬರುತ್ತದೆಂದೇನಲ್ಲ. ಆದರೆ ಹಿಡಿದೊಡನೆ ಬೆರಳುಗಳು ತವರಿಗೆ ಬಂದವರ ಹಾಗೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಆದರೂ ಮನಸ್ಸು ಒಪ್ಪದು. ಹಳೆಯ ಕಂಪನಿ ಬಿಟ್ಟರೆ, ಬೇರೆಯದಕ್ಕೆ ಕೂರದ ಅದರ ಲೆನ್ಸುಗಳನ್ನೂ ಬಿಡಬೇಕು. ಕುಂಕುಮ ಹಚ್ಚಿ ಪೂಜಿಸಿದ್ದನ್ನು ಬಿಡುವುದು ಹೇಗೆ? ಕೊನೆಗೆ ಹಳೆಯದನ್ನು ದೇವರ ಮುಂದಿಟ್ಟು, "ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ ತಂದೆ" ಎಂದು ಅಡ್ಡಬಿದ್ದು, ಕೈಗೆ ಒಗ್ಗಿದ್ದನ್ನು ಕೊಂಡ.

ಮದುವೆಯ ದಿನ ಅಂತರಪಟ ಸರಿಯಿತು. ಅವನು ತಲೆ ತಗ್ಗಿಸಲಿಲ್ಲ. ಹುಡುಗಿ ಕಣ್ಣೆತ್ತಿದಳು, ಅಳುವೂ ನಗುವೂ ಒಟ್ಟಿಗೇ ಬಂದವು. ಬೆರಳು ಯಾವಾಗ ಒತ್ತಿತೋ ಅವನಿಗೇ ತಿಳಿಯದು.

ಪುರೋಹಿತರು ಪಟವನ್ನು ಮಡಿಸದೆ ಕಾದಿದ್ದರು. "ಏನಪ್ಪಾ, ಹಿಡೀಲೋ ಇನ್ನೊಂದ್ಸಲ?"

"ಬೇಡ ಆಚಾರ್ರೇ. ಮಡಚಿ."

ತಂಗಿ ಬಂದು ಕ್ಯಾಮೆರಾದಲ್ಲಿ ಮಗಳ ಮುಖ ನೋಡಿದಳು. ಅಣ್ಣನ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಕತೆ ಮುಗಿಯಿತು. ಪ್ರಾಣೇಶ ಮೆಲ್ಲನೆ ಕೇಳಿದ: "ಹಳೆಯ ಕ್ಯಾಮೆರಾ ಏನಾಯಿತು, ಗುರುಗಳೇ?"

"ಸಣ್ಣ ಕೈಯವರೊಬ್ಬರಿಗೆ ಒಪ್ಪಿತು" ಎಂದು ಗುರುಗಳು ಕೈ ಚಾಚಿದರು. ಪ್ರಾಣೇಶ ಸೊಂಟದಲ್ಲಿ ಬಚ್ಚಿಟ್ಟಿದ್ದ ಮಾಲೆಯನ್ನು ಅವರ ಅಂಗೈಯಲ್ಲಿಟ್ಟ. ಎಷ್ಟೋ ದಿನದ ಮೇಲೆ ಅವನಿಗೆ ಉಸಿರು ಸಲೀಸಾಗಿ ಬಂತು.

ಗುರುಗಳು ಮಾಲೆಯನ್ನು ಪೀಠದ ಮೇಲಿಟ್ಟು ಕೇಳಿದರು:

"ಹಾಡುವಾಗ ನಿನಗೆ ಯಾರ ಮುಖ ಕಾಣುತ್ತದೆ, ಮಗು?"