ಆಚೆ ತುದಿಯ ಎಣಿಕೆ

"ಗುರುಗಳೇ, ಈ ಬಡ ಯಂತ್ರದಿಂದ ಇನ್ನೂ ವೇಗ ತೆಗೆಯುವುದು ಹೇಗೆ?" ಎಂದು ಉಮಾಪತಿ ಕೇಳಿದ.

ಅವನ ಮುಂದೆ ಅಂಗೈ ಅಗಲದ ಕಂಪ್ಯೂಟರ್ ಇತ್ತು. ಹಿಂದೊಮ್ಮೆ ಜಾಲದಲ್ಲಿ ಹರಿದ ಮಾಹಿತಿಯ ತುಣುಕುಗಳಾದ ಪ್ಯಾಕೆಟ್‌ಗಳನ್ನು ಹಿಡಿದಿಟ್ಟುಕೊಂಡು ಅವನ್ನೇ ಮತ್ತೆ ತಂತಿಗೆ ಬಿಡುವುದು ಅದರ ಕೆಲಸ. ಹಾಗೆ ಬಿಟ್ಟಾಗ ಆಚೆಯ ಯಂತ್ರ ಭಾರ ತಾಳುತ್ತದೋ ಇಲ್ಲವೋ ತಿಳಿಯುತ್ತದೆ. ಅವನ್ನು ತಂತಿಗೆ ಇಳಿಸುವ ತಂತ್ರಾಂಶವಾದ ಜಾಲದ ಡ್ರೈವರನ್ನು ಉಮಾಪತಿ ತಿದ್ದಿದ್ದ. ಪರದೆಯ ಮೇಲೆ ವೇಗ ಮೂರು ಪಟ್ಟು ಏರಿತ್ತು. ಮರುದಿನ ಅದನ್ನು ಒಂದು ಆಸ್ಪತ್ರೆಯ ಜಾಲ ಪರೀಕ್ಷಿಸಲು ಒಯ್ಯಬೇಕಿತ್ತು.

"ಆಚೆ ಎಷ್ಟು ತಲುಪಿತು?" ಎಂದರು ಗುರು ಕರಿಬಸಯ್ಯ.

"ಆಚೆ ಎಣಿಸಿಲ್ಲ. ಇಲ್ಲಿಂದ ಎಷ್ಟು ಹೋಯಿತು ಅಂತ ಡ್ರೈವರೇ ಹೇಳುತ್ತದಲ್ಲ."

ಮುದುಕರು ಅವನ ಪಕ್ಕ ಕೂತರು. ಒಂದು ಕಥೆ ಹೇಳತೊಡಗಿದರು.

ಹೊಳೆದಂಡೆಯ ಊರಿನಲ್ಲಿ ಒಬ್ಬ ತಂತ್ರಜ್ಞನಿದ್ದ. ಹೊಳೆಯುದ್ದಕ್ಕೂ ನೀರಿನ ಮಟ್ಟ ಅಳೆಯುವ ಮಾಪಕಗಳಿದ್ದವು. ಅವುಗಳ ಸುದ್ದಿ ಒಂದು ಪೆಟ್ಟಿಗೆಗೆ ಬರುತ್ತಿತ್ತು. ಪೆಟ್ಟಿಗೆ ಅದನ್ನು ಸೋಸಿ ಕಾವಲು ಕೋಣೆಗೆ ಕಳಿಸುತ್ತಿತ್ತು. ಅಲ್ಲಿ ಕೂತ ಹೆಂಗಸು ಮಟ್ಟ ನೋಡಿ ಸೈರನ್ ಒತ್ತಬೇಕು. ಒಂದು ವರ್ಷ ಹೊಸ ಪೆಟ್ಟಿಗೆ ತಂದರು. ನೆರೆಯ ದಿನದ ನೂಕುನುಗ್ಗಲನ್ನು ಅದು ತಾಳುತ್ತದೆಯೇ ಎಂದು ನೋಡುವ ಕೆಲಸ ತಂತ್ರಜ್ಞನ ಪಾಲಿಗೆ ಬಂತು. ಹಿಂದಿನ ನೆರೆಯಲ್ಲಿ ಹರಿದ ಪ್ಯಾಕೆಟ್‌ಗಳು ಅವನ ಬಳಿ ಇದ್ದವು. ಅವನ್ನು ಬಿಡಲು ಕೊಟ್ಟ ಯಂತ್ರ ಮಾತ್ರ ಇಂಥದೇ, ಬಡಕಲು.

ಅದು ಏದುಸಿರು ಬಿಟ್ಟಿತು. ಒಂದೊಂದು ಪ್ಯಾಕೆಟನ್ನೂ ಎರಡೆರಡು ಸಲ ನಕಲು ಮಾಡಿ, ಒಂದೊಂದಕ್ಕೂ ಅಪ್ಪಣೆ ಕೇಳಿ ಕಳಿಸುತ್ತಿತ್ತು. ಅವನು ನಕಲು ತಪ್ಪಿಸಿದ. ಕಂತೆ ಕಟ್ಟಿ ಒಮ್ಮೆಗೇ ಡ್ರೈವರಿನ ಕೈಗೆ ಕೊಟ್ಟ. ವೇಗ ಏರಿತು. ಅಲ್ಲಿಯವರೆಗೆ ಅದು ಪ್ರಾಮಾಣಿಕ ಕೆಲಸ. ಆದರೆ ನೆರೆಯ ವೇಗ ಇನ್ನೂ ದೂರವಿತ್ತು. ಮಳೆಗಾಲ ಹತ್ತಿರ ಬಂದಿತ್ತು. ಮೇಲಿನವರು ದಿನಾ ಕೇಳುತ್ತಿದ್ದರು.

ಆಗ ಅವನು ಡ್ರೈವರಿನಲ್ಲಿ ಇನ್ನೊಂದು ಕಡೆ ಕೈ ಹಾಕಿದ. ಪ್ಯಾಕೆಟ್ ತಂತಿಗೆ ಇಳಿಯುವ ಮೊದಲೇ ಡ್ರೈವರ್ 'ಹೋಯಿತು' ಎನ್ನುವಂತೆ ಮಾಡಿದ. ಸರದಿ ತುಂಬಿದ್ದರೆ ಅದು ಪ್ಯಾಕೆಟನ್ನು ಸದ್ದಿಲ್ಲದೆ ಚೆಲ್ಲಿ, ಅದನ್ನೂ ಹೋದದ್ದರ ಲೆಕ್ಕಕ್ಕೆ ಸೇರಿಸುತ್ತಿತ್ತು. ಪರದೆಯ ಎಣಿಕೆ ನೆರೆಯ ವೇಗ ಮುಟ್ಟಿತು. ಪೆಟ್ಟಿಗೆಗೆ ತಲುಪಿದ್ದು ಮಾತ್ರ ಸ್ವಲ್ಪವೇ. ಪೆಟ್ಟಿಗೆ ಅಲುಗಲಿಲ್ಲ.

ಕಾವಲಿನ ಹೆಂಗಸು ಬಂದು ಇಣುಕಿದಳು. "ಏನಣ್ಣ, ಹೊಳೇನೇ ಬಿಟ್ಟೆ ಅಂತಿದ್ದೆ. ನನ್ನ ಕಡೆ ನಲ್ಲಿ ನೀರಿನಷ್ಟೂ ಬರ್ಲಿಲ್ಲ."

"ನಿನ್ನ ಪರದೆನೇ ನಿಧಾನ ಕಣಮ್ಮ. ಹೋಗು, ಟೀ ಕುಡಿ" ಎಂದ.

ಅವಳ ಮಾತು ನಿಜವೆಂದು ಅವನಿಗೆ ಗೊತ್ತಿತ್ತು. ಮಳೆಗಾಲ ಕಳೆಯಲಿ, ಸರಿಪಡಿಸಿದರಾಯಿತು ಎಂದುಕೊಂಡ.

ಒಂದು ಮಧ್ಯಾಹ್ನ ಹೊಳೆ ಬಂತು. ಮಾಪಕಗಳೆಲ್ಲ ಒಟ್ಟಿಗೆ ಸುದ್ದಿ ಕಳಿಸಿದವು. ಪೆಟ್ಟಿಗೆ ಉಸಿರುಗಟ್ಟಿ ನಿಂತಿತು. ಕಾವಲು ಕೋಣೆಯ ಪರದೆ ಬೆಳಗಿನ ಮಟ್ಟವನ್ನೇ ತೋರಿಸುತ್ತ ಉಳಿಯಿತು. ಸೈರನ್ ಕೂಗಲಿಲ್ಲ. ಕೆಳಕೇರಿಗೆ ನೀರು ನುಗ್ಗಿತು. ಕೆಲವರ ಹೆಣವೂ ಸಿಗಲಿಲ್ಲ.

ವಿಚಾರಣೆ ನಡೆಯಿತು. "ಪರದೆಗೆ ಸುದ್ದಿ ಬರಲಿಲ್ಲ" ಎಂದು ಹೆಂಗಸು ಹೇಳಿದಳು. ಹಾಗಾದರೆ ನೋಡಿಯೇಬಿಡೋಣ ಎಂದು ಅದೇ ಪೆಟ್ಟಿಗೆಯನ್ನೂ ಅದೇ ಬಡ ಯಂತ್ರವನ್ನೂ ತರಿಸಿದರು. ತಂತ್ರಜ್ಞನೇ ಕೀಲಿ ಒತ್ತಿದ. ಪರದೆಯ ಮೇಲೆ ನೆರೆ ಹರಿಯಿತು. ಪೆಟ್ಟಿಗೆ ಅಲುಗಲಿಲ್ಲ. ಪೆಟ್ಟಿಗೆ ನೆಟ್ಟಗಿದೆ, ಹೆಂಗಸೇ ನಿದ್ದೆ ಹೋಗಿದ್ದಳು ಎಂದು ತೀರ್ಮಾನವಾಯಿತು.

ಅವಳ ಕೆಲಸ ಹೋಯಿತು. ಅದು ದೊಡ್ಡದಲ್ಲ. ಅವಳ ಮನೆ ಕೆಳಕೇರಿಯಲ್ಲೇ ಇತ್ತು. ಅವಳನ್ನು ಕಂಡರೆ ಅಲ್ಲಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ವಿಚಾರಣೆಯ ಕೋಣೆ ಬಿಡುವಾಗ ಅವಳು ತಂತ್ರಜ್ಞನ ಮುಂದೆ ನಿಂತಳು. "ಚೆನ್ನಾಗಿ ಓಡ್ತಲ್ಲಣ್ಣ" ಎಂದಳು. ಅವನು ತಂತಿ ಸುತ್ತುತ್ತಿದ್ದ. ತಲೆ ಎತ್ತದೆ ಸುತ್ತುತ್ತಲೇ ಇದ್ದ.

ಕರಿಬಸಯ್ಯ ಇಷ್ಟು ಹೇಳಿ ನಿಲ್ಲಿಸಿದರು.

ಉಮಾಪತಿಗೆ ಸಿಟ್ಟು ಬಂತು. "ಅವನು ಒಂದೇ ಒಂದು ಮಾತು ಹೇಳಿದ್ದರೆ ಅವಳ ಮಾನ ಉಳಿಯುತ್ತಿತ್ತು. ಎಂಥ ಮನುಷ್ಯ ಅವನು?"

ಗುರು ಅವನ ಪರದೆಯ ಕಡೆ ನೋಡಿದರು.

"ನಿನ್ನದು ಆಚೆ ಎಷ್ಟು ತಲುಪಿತು ಅಂದೆ?"