ಸ್ವಂತ ಕಾರಿನ ವರ

ಅಂಗಡಿಯಲ್ಲಿ ಸರಕು ಕಡಿಮೆಯಾದಾಗಲೇ ಬೋರ್ಡು ದೊಡ್ಡದಾಗುತ್ತದೆ. ದಾವಣಗೆರೆಯ ಚಂದ್ರಮೌಳಿ ಹೆಣ್ಣು ನೋಡಲು ಹೊರಟಾಗ ದೊಡ್ಡ ಬಿಳಿ ಕಾರನ್ನೇ ಬಾಡಿಗೆಗೆ ಹಿಡಿದ. ಕಾರಿನ ಜೊತೆ ಡ್ರೈವರ್ ಹಾಲೇಶಿಯೂ ಬಂದ.

"ಯಾರೇ ಕೇಳಲಿ, ಕಾರು ನಂದು. ನೀನು ಹತ್ತು ವರ್ಷದಿಂದ ನಮ್ಮ ಮನೆ ಡ್ರೈವರ್. ಒಳಗೆ ಬರಬೇಡ, ಬಿಸಿಲಲ್ಲೇ ಕೈಕಟ್ಟಿ ನಿಂತಿರು. ಶ್ರೀಮಂತರ ಡ್ರೈವರ್ ಅಂದ್ರೆ ಹಾಗೇ ಇರಬೇಕು," ಎಂದ ಚಂದ್ರಮೌಳಿ.

ಬೆಳಗಿನ ಒಂದು ಲೋಟ ಚಹಾ ಬಿಟ್ಟರೆ ಹಾಲೇಶಿಯ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹುಡುಗಿಯ ಮನೆಯೊಳಗಿಂದ ಕೇಸರಿಬಾತಿನ ತುಪ್ಪದ ಘಮ ಬರುತ್ತಿತ್ತು. ಅಷ್ಟರಲ್ಲಿ ಹುಡುಗಿಯ ತಂದೆ ಬಾಗಿಲಿಗೆ ಬಂದರು.

"ಬಾರಪ್ಪ, ಜಗಲಿ ಮೇಲೆ ಕೂತು ತಿಂಡಿ ತಿನ್ನು."

"ಬೇಡ ಯಜಮಾನ್ರೇ," ಎಂದ ಹಾಲೇಶಿ, ಒಳಗಿದ್ದವರಿಗೂ ಕೇಳುವಂತೆ. "ಹತ್ತು ವರ್ಷದಲ್ಲಿ ನಮ್ಮ ಸಾಹುಕಾರ್ರು ಒಂದು ದಿನವೂ ನನ್ನ ಬಿಟ್ಟು ತಿಂದೋರಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಬಡಿಸ್ತಾರೆ. ನಾನು ಹೊರಗೆ ತಿಂದ್ರೆ ನೊಂದ್ಕೊತಾರೆ."

ಮನೆಯವರೆಲ್ಲ ಚಂದ್ರಮೌಳಿಯ ಕಡೆ ತಿರುಗಿದರು. ಇಲ್ಲ ಎಂದರೆ ಹತ್ತು ವರ್ಷವೂ ಹೋಯಿತು, ಕಾರೂ ಹೋಯಿತು. ಅವನು ಹಲ್ಲು ಕಚ್ಚಿಕೊಂಡು ನಗುತ್ತಾ ಎದ್ದು, ಹಾಲೇಶಿಯನ್ನು ಪಕ್ಕದಲ್ಲಿ ಕೂರಿಸಿ, ಎರಡು ಸೌಟು ಕೇಸರಿಬಾತು ಬಡಿಸಿದ.

"ದಿನಾ ಮೂರು ಹಾಕ್ತಿದ್ರಿ," ಎಂದ ಹಾಲೇಶಿ.

ಮೂರನೆಯದೂ ಬಿತ್ತು.

ಬಾಗಿಲ ಮರೆಯಲ್ಲಿ ಹುಡುಗಿ ತಾಯಿಗೆ ಪಿಸುಗುಟ್ಟಿದಳು: "ಕಾರು ಯಾರದಾದ್ರೂ ಇರ್ಲಿ ಅವ್ವ, ಬಡಿಸೋ ಕೈ ಚಲೋ ಐತಿ. ಹೂಂ ಅಂತ ಹೇಳು."

ಸಂಬಂಧ ಕುದುರಿತು. ಆದರೂ ವಾಪಸು ಬರುವಾಗ ಚಂದ್ರಮೌಳಿ ಸಿಡುಕಿದ: "ನಾನು ನಿನಗೆ ಯಾವತ್ತಿನಿಂದ ಬಡಿಸ್ತಿದ್ದೀನೋ?"

"ನೀವು ಈ ಕಾರು ಕೊಂಡ ದಿನದಿಂದ, ಸಾಹುಕಾರ್ರೇ," ಎಂದು ಹಾಲೇಶಿ ಗೇರು ಬದಲಿಸಿದ.